ಕೊಡಗಿನಲ್ಲಿ ಎಂಥ ಸೆಕೆ ಅಂದವರಿಗೆ: ಒಂದು ಹಾಕಿ ಪಂದ್ಯ, ಒಂದು ಹೀಟ್ ಸ್ಟ್ರೋಕ್

ಏಪ್ರಿಲ್ ಕೊನೆಯ ವಾರ. ದಕ್ಷಿಣ ಕೊಡಗಿನ ಒಂದು ಶಾಲಾ ಮೈದಾನದಲ್ಲಿ ಒಕ್ಕಗಳ (ಅಂದರೆ ಕೊಡವ ಮನೆತನಗಳ) ನಡುವಿನ ಸಣ್ಣ ಹಾಕಿ ಟೂರ್ನಿ. ಎರಡನೇ ದಿನ ಮಧ್ಯಾಹ್ನದ ಪಂದ್ಯದಲ್ಲಿ 34 ವರ್ಷದ ಆಟಗಾರನೊಬ್ಬ ಆಡುತ್ತಾ ಆಡುತ್ತಲೇ ಕುಸಿದ. ಹೀಟ್ ಸ್ಟ್ರೋಕ್. ಬದುಕಿದ, ಈಗ ಆರಾಮಾಗಿದ್ದಾನೆ. ಅವನ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಹೆಸರು, ಒಕ್ಕ, ಊರು ಹಾಕಬೇಡಿ ಅಂದಿದ್ದಾನೆ. ನಾನು ಆವತ್ತು ಟೈಮ್‌ಕೀಪರ್ ಮೇಜಿನಲ್ಲಿದ್ದೆ. ಕೆಲಸದಲ್ಲಿ ದೈಹಿಕ ಶಿಕ್ಷಕ.

ಅವನು ಉಳಿದದ್ದು ಒಂದು ಟಾರ್ಪಲ್, ಮೀನಿನ ಗಾಡಿಯ ಐಸ್ ಮತ್ತು "ಇವನನ್ನು ಈಗ ಜೀಪಿಗೆ ಹಾಕಬೇಡಿ" ಅಂತ ಗದರಿದ ಒಬ್ಬ ಹಿರಿಯರಿಂದ. ಆಸ್ಪತ್ರೆಯ ಪಾಲು ಆಮೇಲಿನದು. ಬೇಸಿಗೆಯಲ್ಲಿ ಟೂರ್ನಿ ನಡೆಸುವವರು ಮುಖ್ಯವಾಗಿ ಇದನ್ನು ಓದಬೇಕು ಅಂತ ನನ್ನ ಆಸೆ.

ಯಾಕೆ ಬೇಸಿಗೆಯಲ್ಲೇ ಆಡುತ್ತೀರಿ ಅಂತ ಹೊರಗಿನವರು ಕೇಳುತ್ತಾರೆ. ಬೇರೆ ಸಮಯ ಎಲ್ಲಿದೆ? ಕಾಫಿ ಕೊಯ್ಲು ಮುಗಿದಿರುತ್ತದೆ, ಮಕ್ಕಳಿಗೆ ರಜೆ, ಬೆಂಗಳೂರು ಮೈಸೂರಿನಲ್ಲಿರುವವರು ಊರಿಗೆ ಬರುತ್ತಾರೆ. ಜೂನ್ ಬಂದರೆ ಮೈದಾನ ಗದ್ದೆಯಾಗುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ 60 ಒಕ್ಕಗಳನ್ನು ಸೇರಿಸಿ ಕೊಡವ ಕೌಟುಂಬಿಕ ಹಾಕಿ ಶುರುಮಾಡಿದಾಗಿನಿಂದ ಏಪ್ರಿಲ್ ಮೇ ಅಂದರೆ ಹಾಕಿ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿದವು. ಸಣ್ಣ ಟೂರ್ನಿಗಳೂ ಅದೇ ಕ್ಯಾಲೆಂಡರ್ ಹಿಡಿದು ನಡೆಯುತ್ತವೆ. ಹಾಗಾಗಿ "ಬೇಸಿಗೆಯಲ್ಲಿ ಆಡಬೇಡಿ" ಅನ್ನೋ ಸಲಹೆ ಇಲ್ಲಿ ಯಾರ ಕಿವಿಗೂ ಬೀಳಲ್ಲ. ಬೀಳಬೇಕಾಗಿಯೂ ಇಲ್ಲ.

ಆಟಗಾರ ಮತ್ತು ಹಿಂದಿನ ಮೂರು ದಿನ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕಾಲೇಜಿನಲ್ಲಿ ಒಳ್ಳೆಯ ಲೆಫ್ಟ್ ಹಾಫ್ ಆಗಿದ್ದವನು. ಈಗಲೂ ವಾರಕ್ಕೆ ಮೂರು ನಾಲ್ಕು ಸಲ ಜಿಮ್‌ಗೆ ಹೋಗುತ್ತಾನೆ, ಟ್ರೆಡ್‌ಮಿಲ್ ಮೇಲೆ ಐದು ಕಿಲೋಮೀಟರ್ ಓಡುತ್ತಾನೆ. ಬಿಪಿ ಇಲ್ಲ, ಶುಗರ್ ಇಲ್ಲ, ಹೊಟ್ಟೆ ಬಂದಿಲ್ಲ. ನೋಡಿದವರು ಇವನಿಗೆ ಹೀಗಾಗುತ್ತದೆ ಅಂತ ಅಂದುಕೊಳ್ಳಲು ಸಾಧ್ಯವೇ ಇರಲಿಲ್ಲ.

ಆದರೆ ಮನೆ, ಕ್ಯಾಬ್, ಆಫೀಸು, ಜಿಮ್. ಬಿಸಿಲಿನಲ್ಲಿ ಬೆವರು ಹರಿಸಿ ಓಡಿ ತಿಂಗಳುಗಳೇ ಆಗಿದ್ದವು. ಟ್ರೆಡ್‌ಮಿಲ್ ಇದ್ದದ್ದು ಎಸಿ ಕೋಣೆಯಲ್ಲಿ.

ಗುರುವಾರ ಶೀತ ಹಿಡಿದಿತ್ತು, ರಾತ್ರಿ ಸ್ವಲ್ಪ ಮೈ ಬೆಚ್ಚಗಾಗಿತ್ತು. ಮೆಡಿಕಲ್‌ನಿಂದ ಶೀತದ ಮಾತ್ರೆ ತಗೊಂಡ. ಶುಕ್ರವಾರ ರಾತ್ರಿ ಬಸ್ಸಿನಲ್ಲಿ ಅರೆನಿದ್ದೆ. ಶನಿವಾರ ಬೆಳಿಗ್ಗೆ ಒಂದು ಪಂದ್ಯ, ಗೆದ್ದರು. ಸಂಜೆ ನೆಂಟರ ಮದುವೆ. ಕೊಡಗಿನ ಮದುವೆ ಮನೆಯ ಸಂಜೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಅವನು ಮಿತಿ ಮೀರಿ ಕುಡಿದಿರಲಿಲ್ಲ, ಆದರೆ ಮಲಗುವಾಗ ರಾತ್ರಿ ಒಂದೂವರೆ ಆಗಿತ್ತು. ಭಾನುವಾರ ಒಂಬತ್ತೂವರೆಗೆ ಇನ್ನೊಂದು ಪಂದ್ಯ. ಅದನ್ನೂ ಗೆದ್ದರು, ಹಾಗಾಗಿ ಮಧ್ಯಾಹ್ನ ಒಂದೂ ಕಾಲಿಗೆ ಮತ್ತೊಂದು. ತಂಡದಲ್ಲಿದ್ದದ್ದು ಹನ್ನೆರಡೇ ಜನ. ಬೆಂಚಿನ ಮೇಲೆ ಕೂತಿದ್ದ ಆ ಹನ್ನೆರಡನೆಯವರು ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದ ದೊಡ್ಡಪ್ಪ, 58 ವರ್ಷ.

ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ ಅಲ್ವಾ? ಜ್ವರ ಬಿಟ್ಟ ಮೈಗೆ ಕಾವು ತಡೆಯುವ ಶಕ್ತಿ ಕಡಿಮೆ. ನಿದ್ದೆಗೆಟ್ಟ ಮೈಗೆ ಇನ್ನೂ ಕಡಿಮೆ. ಶೀತದ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಒಂದು ಔಷಧಿ ಬೆವರು ತಗ್ಗಿಸುತ್ತದೆ, ಇನ್ನೊಂದು ಚರ್ಮದ ರಕ್ತನಾಳ ಬಿಗಿಯುತ್ತದೆ. ಮೈ ತನ್ನ ಬಿಸಿಯನ್ನು ಹೊರಗೆ ಹಾಕುವ ದಾರಿಗಳೇ ಅವೆರಡು. ನಮ್ಮ ಟೂರ್ನಿಗಳಲ್ಲಿ ಇಂಥ ಆಟಗಾರ ಒಂದೊಂದು ತಂಡಕ್ಕೆ ನಾಲ್ಕೈದು ಜನ ಸಿಗುತ್ತಾರೆ. ಅದಕ್ಕೇ ಇಷ್ಟು ವಿವರ ಬರೆದೆ.

ಮೈದಾನದಲ್ಲಿ

ಇಪ್ಪತ್ತು ನಿಮಿಷದ ಎರಡು ಅರ್ಧ. ಹಿಂದಿನ ಸಂಜೆ ಗುಡುಗು ಮಳೆ ಬಂದು ಹೋಗಿತ್ತು. ಬೆಳಿಗ್ಗೆಯಿಂದ ಚುರುಕು ಬಿಸಿಲು, ನೆಲದಿಂದ ಹಬೆ. ಗಾಳಿ ಇರಲಿಲ್ಲ. ಫೋನಿನಲ್ಲಿ 31 ಡಿಗ್ರಿ ತೋರಿಸುತ್ತಿತ್ತು.

ಮೊದಲ ಅರ್ಧ ಚೆನ್ನಾಗಿಯೇ ಆಡಿದ. ವಿರಾಮದಲ್ಲಿ ನೀರು ಕುಡಿದ, ನಿಂಬೆ ಪಾನಕವನ್ನೂ ಕುಡಿದ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಎಲ್ಲರೂ "ನೀರು ಕುಡಿದಿರಲಿಲ್ಲ, ಅದಕ್ಕೇ" ಅಂದರು. ಕುಡಿದಿದ್ದ.

ಎರಡನೇ ಅರ್ಧದ ಆರನೇ ನಿಮಿಷದ ಹೊತ್ತಿಗೆ ಚೆಂಡನ್ನು ಸ್ಟಿಕ್ಕಿನ ಉಬ್ಬಿದ ಬೆನ್ನಿನಿಂದ ಹೊಡೆದ. ಬ್ಯಾಕ್ ಸ್ಟಿಕ್, ಅಂಪೈರ್ ಸೀಟಿ ಊದಿದರು. ಅರ್ಧ ನಿಮಿಷದಲ್ಲಿ ಮತ್ತೆ ಅದೇ. ಹಾಕಿ ಕಲಿಯುವ ಮಕ್ಕಳು ಮಾಡುವ ತಪ್ಪು ಅದು. ಹತ್ತು ವರ್ಷ ಆಡಿದವನ ಕೈ ನಿದ್ದೆಯಲ್ಲೂ ಹಾಗೆ ಮಾಡಲ್ಲ. ಅಂಪೈರ್ ಏನೋ ಹೇಳಿದರು, ಇವನು ಅವರ ಮುಖವನ್ನೇ ನೋಡುತ್ತಾ ನಿಂತ. ಎಡಗಡೆ ಇರಬೇಕಾದವನು ಬಲಗಡೆಗೆ ಹೋಗಿ ನಿಂತ. ಚಿಕ್ಕಪ್ಪನ ಮಗನ ಮೇಲೆ ಕೂಗಾಡಿದ, ಅದೂ ಬೇರೆ ಯಾರದೋ ಹೆಸರು ಹಿಡಿದು. ಎದುರು ತಂಡದ ಹುಡುಗನ ಹತ್ತಿರ ಇದು ಫಸ್ಟ್ ಹಾಫಾ ಅಂತ ಕೇಳಿದನಂತೆ.

ಗ್ಯಾಲರಿಯಲ್ಲಿ ನಗು. "ನಿನ್ನೆದು ಇನ್ನೂ ಇಳಿದಿಲ್ಲ!" ಅಂತ ಒಬ್ಬರು ಕೂಗಿದರು.

ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಗಳಿಗೆ ಇದು. ಬಿಸಿಲಲ್ಲಿ ಆಡುತ್ತಿರುವ ಆಟಗಾರ ಪೆದ್ದುಪೆದ್ದಾಗಿ ಆಡತೊಡಗಿದರೆ, ಕಾರಣವಿಲ್ಲದೆ ಸಿಡುಕಿದರೆ, ದಿಕ್ಕು ತಪ್ಪಿದರೆ, ಮೆದುಳಿಗೆ ಬಿಸಿ ತಗುಲಿದೆ ಅಂತಲೇ ತಿಳಿಯಬೇಕು. ಬರೀ ಸುಸ್ತಾದವನಿಗೆ ಕಾಲು ಸೋಲುತ್ತದೆ, ತಲೆ ಕೆಡಲ್ಲ. ಅವನು ತಾನೇ ಬಂದು "ನನಗೆ ಆಗ್ತಿಲ್ಲ" ಅನ್ನುತ್ತಾನೆ. ಹೀಟ್ ಸ್ಟ್ರೋಕ್ ಆದವನು ಅನ್ನಲ್ಲ. ತನಗೆ ಏನಾಗುತ್ತಿದೆ ಅಂತ ತಿಳಿಯುವ ಭಾಗವೇ ಮೊದಲು ಕೈಕೊಟ್ಟಿರುತ್ತದೆ. ಹಾಗಾಗಿ ಹೊರಗಿನವರೇ ನೋಡಬೇಕು. ಹೊರಗಿನವರು ನಗುತ್ತಿದ್ದರು.

ಹನ್ನೊಂದನೇ ನಿಮಿಷ. ಆಗಲೇ ಗೆರೆ ದಾಟಿದ್ದ ಚೆಂಡಿನ ಹಿಂದೆ ಓಡಿದ. ಕಾಲಿಗೆ ಕಾಲು ತಗುಲಿತು. ಮಂಡಿ ಊರಿ ಕೂತ, ಎದ್ದ, ಮತ್ತೆ ಬಿದ್ದ.

ಸುತ್ತ ಜನ. ಮುಖ ಕೆಂಪು, ಜೆರ್ಸಿ ಬೆವರಿನಿಂದ ತೊಪ್ಪೆ. ಒಬ್ಬರು ಬಿಪಿ ಲೋ ಅಂದರು, ಒಬ್ಬರು ಶುಗರ್ ಅಂದರು, ಒಬ್ಬರು ಎದೆ ಒತ್ತೋಣ ಅಂದರು. "ಹೀಟ್ ಸ್ಟ್ರೋಕ್ ಆದ್ರೆ ಬೆವರು ನಿಲ್ಲುತ್ತೆ, ಇವನು ಬೆವರ್ತಿದ್ದಾನೆ, ಅದಲ್ಲ" ಅಂತ ಇನ್ನೊಬ್ಬರು ತೀರ್ಪು ಕೊಟ್ಟರು. ಮನೆಯಲ್ಲೇ ಕೂತ ವಯಸ್ಸಾದವರಿಗೆ ಸೆಕೆಯಿಂದ ಆಗುವ ಹೀಟ್ ಸ್ಟ್ರೋಕ್‌ನಲ್ಲಿ ಚರ್ಮ ಒಣಗಿರುವುದುಂಟು. ಆಡುವವರಿಗೆ, ಓಡುವವರಿಗೆ, ಮೈಮುರಿದು ದುಡಿಯುವವರಿಗೆ ಆಗುವುದು ಬೇರೆ ಬಗೆ. ಅದರಲ್ಲಿ ಮೈ ಬೆವರುತ್ತಲೇ ಇರುತ್ತದೆ.

ಸ್ವಯಂಸೇವಕರೊಬ್ಬರು ಕಂಕುಳಿಗೆ ಥರ್ಮಾಮೀಟರ್ ಇಟ್ಟರು. 100.8. "ಸಣ್ಣ ಜ್ವರ ಅಷ್ಟೇ, ಪ್ಯಾರಾಸಿಟಮಾಲ್ ಕೊಡಿ." ಒಬ್ಬರು ಗ್ಲೂಕೋಸ್ ನೀರಿನ ಬಾಟಲಿಯನ್ನು ಬಾಯಿಗಿಡಲು ನೋಡಿದರು, ಇವನು ಕೈಬೀಸಿ ತಳ್ಳಿ ವಾಂತಿ ಮಾಡಿದ. ಅಷ್ಟರಲ್ಲಿ ಯಾರೋ ಜೀಪನ್ನು ರಿವರ್ಸಿನಲ್ಲಿ ಮೈದಾನದ ಒಳಗೇ ತಂದರು.

ಆಗ ಬಂದವರು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು ನಿವೃತ್ತರಾದ ಒಬ್ಬರು, ಎದುರು ತಂಡದ ಕಡೆಯವರು. ರಾಜಸ್ಥಾನದಲ್ಲಿ ಕೆಲಸ ಮಾಡಿದ್ದರು. ಮೊದಲು ಉಸಿರು ನೋಡಿದರು, ಕುತ್ತಿಗೆಯಲ್ಲಿ ನಾಡಿ ನೋಡಿದರು. ಎರಡೂ ಇದ್ದವು, ಹಾಗಾಗಿ ಎದೆ ಒತ್ತುವ ಮಾತಿಲ್ಲ. ಆಮೇಲೆ ಕಿವಿಯ ಹತ್ತಿರ ಬಗ್ಗಿ ಕೇಳಿದರು: ಇದು ಯಾವ ಮೈದಾನ? ಯಾರ ಜೊತೆ ಆಡ್ತಿದ್ದೀರಿ? ಸ್ಕೋರ್ ಎಷ್ಟು? ಒಂದಕ್ಕೂ ಸರಿಯಾದ ಉತ್ತರ ಇಲ್ಲ. ಎದ್ದು ನಿಂತು ಹೇಳಿದ್ದು ಇಷ್ಟೇ: "ಗಾಡಿ ಬೇಡ. ಐಸ್ ಎಲ್ಲಿದೆ?"

ಟಾರ್ಪಲ್

ನಮ್ಮ ಮೇಜಿನ ಮೇಲೆ ನೆರಳಿಗೆ ಕಟ್ಟಿದ್ದದ್ದು ಕಾಫಿ ಒಣಗಿಸುವ ಟಾರ್ಪಲ್. ಜನವರಿಯಿಂದ ಕಣದಲ್ಲಿದ್ದು, ಕೆಲಸ ಮುಗಿದ ಮೇಲೆ ಚಪ್ಪರವಾಗಿತ್ತು. ಹಗ್ಗ ಕೊಯ್ದು ಅದನ್ನು ಇಳಿಸಿದರು. ಜಂಕ್ಷನ್‌ನಲ್ಲಿ ಮೀನಿನ ಗಾಡಿ ನಿಂತಿತ್ತು. ಇಬ್ಬರು ಹುಡುಗರು ಸ್ಕೂಟರಿನಲ್ಲಿ ಹೋಗಿ ಎರಡು ಪೆಟ್ಟಿಗೆ ಪುಡಿ ಐಸ್ ತಂದರು. ಕೂಲ್‌ಡ್ರಿಂಕ್ಸ್ ಅಂಗಡಿಯವನು ತನ್ನ ಡಬ್ಬದಲ್ಲಿದ್ದದ್ದನ್ನೂ ಸುರಿದ. ಮೈದಾನದ ಧೂಳಿಗೆ ನೀರು ಹಾಯಿಸುವ ಟ್ಯಾಂಕರ್ ಮೂಲೆಯಲ್ಲೇ ಇತ್ತು, ಪೈಪ್ ಎಳೆದು ತಂದರು.

ಐಸ್ ಬರುವ ತನಕ ಸುಮ್ನೆ ಕೂರಲಿಲ್ಲ. ಶೂ, ಸಾಕ್ಸ್, ಶಿನ್ ಗಾರ್ಡ್, ಜೆರ್ಸಿ ಎಲ್ಲ ತೆಗೆದು ಪೈಪಿನ ನೀರು ಬಿಟ್ಟರು. ಆಮೇಲೆ ಟಾರ್ಪಲ್ ನಡುವೆ ಮಲಗಿಸಿ ಎಂಟು ಜನ ಸುತ್ತಲೂ ಅಂಚು ಎತ್ತಿ ಹಿಡಿದರು. ನೀರು ತುಂಬಿದಂತೆ ಅದು ತೊಟ್ಟಿಯಾಯಿತು. ಒಬ್ಬರು ತಲೆಯ ಹಿಂದೆ ಕೂತು, ಎದೆಗೆ ಟವೆಲ್ ಸುತ್ತಿ ಎರಡೂ ಕಂಕುಳಿನಡಿ ಹಿಡಿದು, ಮುಖ ನೀರಿನ ಮೇಲೇ ಇರುವಂತೆ ನೋಡಿಕೊಂಡರು. ಐಸ್ ಸುರಿದರು. ಹಿಡಿದವರು ಟಾರ್ಪಲ್ಲನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತಾ ಇರಬೇಕು ಅಂತ ಅವರು ಪದೇ ಪದೇ ಕೂಗುತ್ತಿದ್ದರು. ನೀರು ನಿಂತರೆ ಮೈಗೆ ಅಂಟಿದ ನೀರು ಬೆಚ್ಚಗಾಗಿಬಿಡುತ್ತದೆ, ಬಿಸಿ ಕೀಳುವುದು ನಿಧಾನವಾಗುತ್ತದೆ. ಒಂದು ಸಲ ಮತ್ತೆ ವಾಂತಿ ಬಂದಾಗ ತಟ್ಟನೆ ಪಕ್ಕಕ್ಕೆ ಹೊರಳಿಸಿದರು.

ನನ್ನ ಕೈಯಲ್ಲಿ ಪಂದ್ಯದ ಸ್ಟಾಪ್‌ವಾಚ್ ಇತ್ತು. ನಿಲ್ಲಿಸಿರಲಿಲ್ಲ. ಬಿದ್ದಲ್ಲಿಂದ ಐಸ್ ನೀರಿಗೆ ಏಳು ನಿಮಿಷ. ನೀರಿನಲ್ಲಿ ಎಂಟು ನಿಮಿಷ ಆಗುವಷ್ಟರಲ್ಲಿ ಅವನು ಕೆಟ್ಟದಾಗಿ ಬೈಯತೊಡಗಿದ, ಈ ಸಲ ಸರಿಯಾದ ಹೆಸರು ಹಿಡಿದು. ಆ ಹಿರಿಯರು ಮೊದಲ ಬಾರಿ ನಕ್ಕರು. ಹನ್ನೆರಡನೇ ನಿಮಿಷಕ್ಕೆ ಗಡಗಡ ನಡುಗಲು ಶುರುವಾಯಿತು. ಮೈದಾನದ ಹೆಸರು, ಸ್ಕೋರ್ ಎರಡೂ ಹೇಳಿದ. ಹೊರಗೆ ತೆಗೆದು ಒರೆಸಿ ನೆರಳಲ್ಲಿ ಮಲಗಿಸಿದರು. 108 ಬಂದದ್ದು ಅದಾದ ಮೇಲೆ.

ಮೈಯೆಲ್ಲ ಮತ್ತಿ ಮೀನಿನ ವಾಸನೆ ಮೂರು ದಿನ ಹೋಗಲಿಲ್ಲ ಅಂತ ಅವನು ಈಗಲೂ ದೂರುತ್ತಾನೆ.

ನೀರು ಮೊದಲು, ಗಾಡಿ ಆಮೇಲೆ

ಆಡುವವರ ಹೀಟ್ ಸ್ಟ್ರೋಕ್ ಅಂದರೆ ಎರಡು ಒಟ್ಟಿಗೆ ಇರಬೇಕು: ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ದಾಟಿರಬೇಕು, ಜೊತೆಗೆ ತಲೆ ಕೆಟ್ಟಿರಬೇಕು. ಕೆಡುಕು ಎಷ್ಟು ಅನ್ನೋದು ಎಷ್ಟು ಬಿಸಿ ಏರಿತು ಅನ್ನುವುದಕ್ಕಿಂತ ಎಷ್ಟು ಹೊತ್ತು ಅಷ್ಟು ಬಿಸಿಯಲ್ಲಿ ಇತ್ತು ಅನ್ನುವುದರ ಮೇಲೆ ನಿಂತಿದೆ. ಕುಸಿದ ಅರ್ಧ ಗಂಟೆಯೊಳಗೆ 39ರ ಕೆಳಗೆ ಇಳಿಸಿದರೆ ಹೆಚ್ಚುಕಡಿಮೆ ಎಲ್ಲರೂ ಉಳಿಯುತ್ತಾರೆ. ಅಮೆರಿಕದ ಫಾಲ್ಮತ್ ಎಂಬ ಊರಿನಲ್ಲಿ ಪ್ರತಿ ಆಗಸ್ಟ್‌ನಲ್ಲಿ ಒಂದು ರಸ್ತೆ ಓಟ ನಡೆಯುತ್ತದೆ. ಅಲ್ಲಿ 18 ವರ್ಷಗಳಲ್ಲಿ 274 ಜನರಿಗೆ ಹೀಟ್ ಸ್ಟ್ರೋಕ್ ಆಗಿ ಸ್ಥಳದಲ್ಲೇ ಐಸ್ ನೀರಿನ ತೊಟ್ಟಿಗೆ ಇಳಿಸಿದ ಲೆಕ್ಕ 2015ರಲ್ಲಿ ಪ್ರಕಟವಾಯಿತು. 274 ಜನರೂ ಬದುಕಿದ್ದಾರೆ.

ಈಗ ನಮ್ಮ ರಸ್ತೆಗಳ ಲೆಕ್ಕ ಹಾಕಿ. ದಕ್ಷಿಣ ಕೊಡಗಿನ ಒಳಗಿನ ಊರಿನಿಂದ ಹತ್ತಿರದ ಆಸ್ಪತ್ರೆಗೆ ಅರ್ಧ ಗಂಟೆ. ಮಡಿಕೇರಿಗೆ ಒಂದು ಗಂಟೆಗೂ ಜಾಸ್ತಿ. ಮೈಸೂರು ಅಂದರೆ ಎರಡು ಗಂಟೆ ಬಿಟ್ಟುಬಿಡಿ. ಜೀಪಿನ ಹಿಂದಿನ ಸೀಟಿನಲ್ಲಿ, ಮೂರು ಜನರ ತೊಡೆಯ ಮೇಲೆ, ತಿರುವುಗಳಲ್ಲಿ ಹೋಗುತ್ತಾ ಆ ಅರ್ಧ ಗಂಟೆ ಕಳೆದರೆ ಆಸ್ಪತ್ರೆ ತಲುಪುವಾಗ ಲಿವರ್, ಕಿಡ್ನಿ, ಮೆದುಳು ಬೇಯುತ್ತಾ ಇರುತ್ತವೆ. ಟಾರ್ಪಲ್ ವಿಧಾನ ನಿಮಿಷಕ್ಕೆ ಸುಮಾರು 0.15 ಡಿಗ್ರಿ ಇಳಿಸುತ್ತದೆ. ಹತ್ತು ನಿಮಿಷಕ್ಕೆ ಒಂದೂವರೆ ಡಿಗ್ರಿ. ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿದರೆ ಇನ್ನೂ ಬೇಗ. ಕಂಕುಳಲ್ಲಿ, ತೊಡೆಸಂದಿನಲ್ಲಿ ಐಸ್ ತುಂಡು ಇಟ್ಟು ಬೀಸಣಿಗೆ ಬೀಸುವುದು ಇದರ ಹತ್ತಿರಕ್ಕೂ ಬರಲ್ಲ. ಏನೂ ಇಲ್ಲದ ಕಡೆ ಐಸ್ ನೀರಿನಲ್ಲಿ ಅದ್ದಿದ ಟವೆಲುಗಳನ್ನು ಮೈತುಂಬ ಹೊದಿಸಿ, ನಿಮಿಷಕ್ಕೊಮ್ಮೆ ಬದಲಿಸುತ್ತಾ ಇರಬಹುದು.

108ಕ್ಕೆ ಫೋನ್ ಮಾತ್ರ ಮೊದಲ ನಿಮಿಷದಲ್ಲೇ ಹೋಗಬೇಕು. ನಮ್ಮಲ್ಲಿ ಹೋಗಿತ್ತು. ಆಂಬುಲೆನ್ಸ್ ಬರುವ ತನಕದ ಹೊತ್ತು ತಂಪು ಮಾಡುವ ಹೊತ್ತು.

ಆಮೇಲೆ ಚಹಾ ಅಂಗಡಿಯಲ್ಲಿ ಬಹಳ ವಾದ ನಡೆಯಿತು. ಬಿಸಿ ಮೈಗೆ ತಣ್ಣೀರು ಹಾಕಿದರೆ ರಕ್ತನಾಳ ಮುದುಡಿ ಬಿಸಿ ಒಳಗೇ ಉಳಿಯುತ್ತದೆ, ಹಾರ್ಟ್ ನಿಂತುಹೋಗುತ್ತದೆ ಅಂತ ಕೆಲವರು. ಚರ್ಮ ಸ್ವಲ್ಪ ಬಿಗಿಯುವುದು ನಿಜ. ಆದರೆ ಅಷ್ಟು ಕಾದ ಮೈಯಿಂದ ತಣ್ಣೀರು ಬಿಸಿ ಕೀಳುವ ವೇಗದ ಎದುರು ಅದು ಲೆಕ್ಕಕ್ಕೆ ಬರಲ್ಲ ಅಂತ ಅಳತೆಗಳೇ ತೋರಿಸಿವೆ. ಪ್ಯಾರಾಸಿಟಮಾಲ್ ವಿಷಯ ಇನ್ನೂ ಸರಳ. ಜ್ವರದಲ್ಲಿ ಮೆದುಳೇ ಉಷ್ಣತೆಯ ಮಟ್ಟ ಏರಿಸಿಕೊಂಡಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಇಲ್ಲಿ ಮೆದುಳು ಏನೂ ಏರಿಸಿಲ್ಲ, ಸ್ನಾಯುಗಳು ಹುಟ್ಟಿಸಿದ ಕಾವು ಹೊರಗೆ ಹೋಗಲಾಗದೆ ಉಳಿದಿದೆ. ಮಾತ್ರೆಗೆ ಇಲ್ಲಿ ಕೆಲಸವೇ ಇಲ್ಲ. ಮೊದಲೇ ನೊಂದ ಲಿವರಿಗೆ ಅದೊಂದು ಹೆಚ್ಚಿನ ಭಾರ, ಅಷ್ಟೇ. ಎಚ್ಚರ ತಪ್ಪುತ್ತಿರುವವನ ಬಾಯಿಗೆ ನೀರು ಬಿಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಕಂಕುಳ ಥರ್ಮಾಮೀಟರ್ 100.8 ತೋರಿಸಿತಲ್ಲ? ಬೆವರಿ ಒದ್ದೆಯಾದ ಚರ್ಮದ ಉಷ್ಣತೆ ಅದು. ಹಣೆ, ಕಿವಿ, ಬಾಯಿ ಯಾವುದೂ ಆಡಿದವರಲ್ಲಿ ನಂಬುವ ಹಾಗಿಲ್ಲ. ನಂಬಬಹುದಾದ್ದು ಗುದದ್ವಾರದ ಅಳತೆ ಒಂದೇ. ಆವತ್ತು ಅದು ನಮ್ಮಲ್ಲಿರಲಿಲ್ಲ, ಹಾಗಾಗಿ ಅವನ ಬಿಸಿ ಎಷ್ಟಕ್ಕೆ ಏರಿತ್ತು ಅಂತ ದಾಖಲೆಯಿಲ್ಲ. ಆಸ್ಪತ್ರೆಯಲ್ಲಿ ಆ ರೀತಿ ಅಳೆದಾಗ 101.6 ಇತ್ತು. ಅದು ಹನ್ನೆರಡು ನಿಮಿಷ ಐಸ್ ನೀರಿನಲ್ಲಿದ್ದು, ಅರ್ಧ ಗಂಟೆ ಪ್ರಯಾಣ ಮಾಡಿದ ಮೇಲೆ.

31 ಡಿಗ್ರಿಗೆ ಹೀಗಾಗುತ್ತದಾ?

ರಾಯಚೂರು, ಕಲಬುರಗಿಯವರು ನಗಬಹುದು. ಅಲ್ಲಿ 40 ದಾಟುತ್ತದೆ, ನಮ್ಮದು ಎಂಥ ಸೆಕೆ ಅಂತ. ಆದರೆ ಫೋನ್ ಹೇಳುವ 31 ಬರೀ ಗಾಳಿಯ ಉಷ್ಣತೆ. ಮೈಗೆ ತಗಲುವ ಶಾಖವನ್ನು ಅಳೆಯಲು ಕ್ರೀಡೆಯಲ್ಲಿ, ಸೇನೆಯಲ್ಲಿ ಬಳಸುವುದು ವೆಟ್ ಬಲ್ಬ್ ಗ್ಲೋಬ್ ಉಷ್ಣತೆ. ಅದರಲ್ಲಿ ಗಾಳಿಯ ಉಷ್ಣತೆಗೆ ಸಿಗುವ ಪಾಲು 10 ಪರ್ಸೆಂಟ್ ಮಾತ್ರ. ಗಾಳಿಯ ತೇವವನ್ನು ಹಿಡಿಯುವ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ 70 ಪರ್ಸೆಂಟ್, ಬಿಸಿಲು ಕುಡಿಯುವ ಕಪ್ಪು ಗೋಳಕ್ಕೆ 20. ಹಿಂದಿನ ದಿನ ಮಳೆ ಬಿದ್ದು ಹಬೆಯಾಡುತ್ತಿದ್ದ ಮೈದಾನ, ನೆತ್ತಿಯ ಮೇಲೆ ಬಿಸಿಲು, ಸುತ್ತ ತೋಟದ ಮರಗಳು ಕಟ್ಟಿದ ಗೋಡೆ, ಗಾಳಿ ಇಲ್ಲ. ಆಮೇಲೆ ಕೂತು ಅಂದಾಜು ಲೆಕ್ಕ ಹಾಕಿದಾಗ ನನಗೆ 30ರ ಆಸುಪಾಸು ಬಂತು. ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಈ ಅಳತೆ 32 ಮುಟ್ಟಿದರೆ ಆಟ ನಿಲ್ಲಿಸಿ ನೀರು ಕುಡಿಸುತ್ತಿದ್ದರು. 2014ರಲ್ಲಿ ಬ್ರೆಜಿಲ್‌ನ ಫೋರ್ಟಲೆಜಾದಲ್ಲಿ ನೆದರ್‌ಲ್ಯಾಂಡ್ಸ್–ಮೆಕ್ಸಿಕೋ ಪಂದ್ಯದಲ್ಲಿ ಅಂಥ ವಿರಾಮ ಕೊಟ್ಟಿದ್ದರು. ಅದು ವರ್ಷವಿಡೀ ಆಡುವ ವೃತ್ತಿಪರರಿಗೆ ಇಟ್ಟ ಗೆರೆ. ಎಸಿ ಆಫೀಸಿನಿಂದ ಬಂದ ನಮ್ಮವರಿಗೆ 28ರಲ್ಲೇ ಎಚ್ಚರ ಬೇಕು.

ಆಡುವಾಗ ಸ್ನಾಯು ಉರಿಸುವ ಶಕ್ತಿಯ ಮುಕ್ಕಾಲು ಪಾಲು ಬಿಸಿಯಾಗಿಯೇ ಹೋಗುತ್ತದೆ. ಅದು ಹೊರಗೆ ಹೋಗದಿದ್ದರೆ ಜೋರಾಗಿ ಓಡುವವನ ಮೈ ಐದಾರು ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ. ಬಿಸಿ ಕಳೆಯುವುದು ಆವಿಯಾದ ಬೆವರು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಏನೂ ಲಾಭವಿಲ್ಲ. ತೇವದ ದಿನ ಬೆವರು ಬರೀ ತೊಟ್ಟಿಕ್ಕುತ್ತದೆ. ನೀರು ಎಷ್ಟು ಕುಡಿದರೂ ಈ ಲೆಕ್ಕ ಬದಲಾಗಲ್ಲ. ನೀರು ಬೇಕು, ನೀರೊಂದೇ ಸಾಲದು. ಭಯಕ್ಕೆ ಲೀಟರುಗಟ್ಟಲೆ ಬರೀ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ಅದೂ ಆಪತ್ತು.

ಕಾವಿಗೆ ಒಗ್ಗಿಕೊಳ್ಳಲು ಮೈಗೆ ಒಂದರಿಂದ ಎರಡು ವಾರ ಬೇಕು. ದಿನಾ ಒಂದಿಷ್ಟು ಹೊತ್ತು ಸೆಕೆಯಲ್ಲಿ ಓಡುತ್ತಾ ಬಂದರೆ ರಕ್ತದ ನೀರಿನಂಶ ಏರುತ್ತದೆ, ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶನಿವಾರ ಆಡುವವನಿಗೆ ಇದ್ಯಾವುದೂ ಆಗಿರಲ್ಲ. ಅದೇ ದಿನ ಅದೇ ಮೈದಾನದಲ್ಲಿ ದಿನವಿಡೀ ತೋಟದಲ್ಲಿ ದುಡಿಯುವ, ಜಿಮ್ ಕಾಣದ ಐವತ್ತರ ಗಂಡಸರು ಆರಾಮಾಗಿ ಆಡಿ ಹೋದರು. ಫಿಟ್ ಆಗಿರುವವನು ತನ್ನನ್ನು ತಾನು ಹೆಚ್ಚು ಹೊತ್ತು ದಬ್ಬಬಲ್ಲ ಅನ್ನೋದೂ ಒಂದು ಅಪಾಯವೇ. ಉಳಿದವರು ಮೊದಲೇ ಸೊಂಟಕ್ಕೆ ಕೈಯಿಟ್ಟು ನಿಂತುಬಿಡುತ್ತಾರೆ.

ಗೋಲ್‌ಕೀಪರ್‌ಗಳ ಬಗ್ಗೆ ಒಂದು ಮಾತು. ಅವರು ಓಡಲ್ಲ ಅಂತ ನಾವು ಮರೆಯುತ್ತೇವೆ. ಪ್ಯಾಡ್, ಹೆಲ್ಮೆಟ್, ಎದೆಗವಚ ಹಾಕಿ ನಿಂತವರ ಬೆವರು ಆವಿಯಾಗಲು ಜಾಗವೇ ಇಲ್ಲ. ಎರಡು ಪಂದ್ಯದ ನಡುವೆ ಪ್ಯಾಡ್ ಬಿಚ್ಚದೆ ಕೂರುವ ಕೀಪರ್‌ಗಳನ್ನು ಎಬ್ಬಿಸಿ ಬಿಚ್ಚಿಸಿ.

ಆಸ್ಪತ್ರೆ, ಆಮೇಲೆ

ನಾಲ್ಕು ದಿನ ಇದ್ದ. ಸ್ನಾಯು ಒಡೆದಾಗ ರಕ್ತಕ್ಕೆ ಬರುವ ಸಿಕೆ ಎಂಬ ಅಂಶ ಇನ್ನೂರರ ಒಳಗಿರಬೇಕಾದ್ದು ಆರು ಸಾವಿರ ದಾಟಿತ್ತು. ಮೂತ್ರ ಕಡು ಚಹಾದ ಬಣ್ಣ. ಕಿಡ್ನಿ ಸ್ವಲ್ಪ ಸೋತು ಸಲೈನ್‌ನಿಂದ ಚೇತರಿಸಿಕೊಂಡಿತು. ಲಿವರಿನ ಅಂಕಿಗಳು ಎರಡನೇ ದಿನ ಏರಿದವು. ಇದು ಗೊತ್ತಿರಲಿ: ಎದ್ದು ಕೂತು ಮಾತಾಡಿದ ಅಂತ ಅದೇ ಸಂಜೆ ಮನೆಗೆ ಕರೆದೊಯ್ಯುವ ಹಾಗಿಲ್ಲ. ಒಳಗಿನ ಪೆಟ್ಟು ಎರಡು ಮೂರು ದಿನ ಕಳೆದೇ ಕಾಣುತ್ತದೆ.

ಮುಂದಿನ ವಾರ ಇನ್ನೊಂದು ಟೂರ್ನಿ ಇತ್ತು. ಆಡುತ್ತೇನೆ ಅಂದ. ಡಾಕ್ಟರ್ ಬೇಡ ಅಂದರು. ಡಿಸ್ಚಾರ್ಜ್ ಆದ ಮೇಲೆ ಕನಿಷ್ಠ ಒಂದು ವಾರ ಯಾವ ವ್ಯಾಯಾಮವೂ ಇಲ್ಲ. ರಕ್ತದ ವರದಿ ಸರಿಯಾದ ಮೇಲೆ ತಂಪು ಹೊತ್ತಿನಲ್ಲಿ ನಡಿಗೆ, ಆಮೇಲೆ ಓಟ, ಆಮೇಲೆ ಎರಡು ವಾರ ನಿಧಾನವಾಗಿ ಬಿಸಿಲಿಗೆ ಒಗ್ಗಿಸುವುದು. ಒಕ್ಕದ ಹಿರಿಯರಿಗೆ ಇದನ್ನು ಒಪ್ಪಿಸುವುದು ಅವನನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. ಹನ್ನೆರಡೇ ಜನ ಇರುವ ತಂಡ ನೋಡಿ.

ಕಮಿಟಿ ಮೀಟಿಂಗ್

ಮಳೆಗಾಲದಲ್ಲಿ ಕಮಿಟಿ ಸೇರಿತು. ಮಧ್ಯಾಹ್ನ 12ರಿಂದ 3ರ ತನಕ ಪಂದ್ಯ ಬೇಡ ಅಂತ ನಾನು ಕೇಳಿದೆ. ಒಂದೇ ಮೈದಾನ, ಅಷ್ಟು ತಂಡ, ದಿನಕ್ಕೆ ಮೂರು ಪಂದ್ಯ ಹೋದರೆ ಟೂರ್ನಿ ಇನ್ನೊಂದು ದಿನ ಎಳೆಯುತ್ತದೆ, ಬೆಂಗಳೂರಿನವರಿಗೆ ಸೋಮವಾರ ಕೆಲಸ. ಸಂಜೆಗೆ ಹಾಕೋಣ ಅಂದರೆ ಏಪ್ರಿಲ್ ಕೊನೆಯಲ್ಲಿ ಮೂರು ನಾಲ್ಕು ಗಂಟೆಗೆ ಸಿಡಿಲು ಮಳೆ. ತೆರೆದ ಮೈದಾನದಲ್ಲಿ ಸಿಡಿಲು ಬಿಸಿಲಿಗಿಂತ ಕೆಟ್ಟದ್ದು. ಈ ವಾದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ.

ಕೊನೆಗೆ ಆದದ್ದು ಇದು. ಮೊದಲ ಪಂದ್ಯ ಬೆಳಿಗ್ಗೆ ಆರೂ ಮುಕ್ಕಾಲಿಗೆ. ಒಂದೇ ತಂಡಕ್ಕೆ ದಿನಕ್ಕೆ ಎರಡು ಪಂದ್ಯ ಬಿದ್ದರೆ ನಡುವೆ ಐದು ಗಂಟೆ. ಮಧ್ಯಾಹ್ನ ಪಂದ್ಯ ತಪ್ಪದಿದ್ದರೆ ಎರಡು ಅರ್ಧದ ಬದಲು ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಪ್ರತಿ ವಿರಾಮದಲ್ಲಿ ನೆರಳು ಮತ್ತು ಐಸ್ ಟವೆಲ್. ಅಂತರರಾಷ್ಟ್ರೀಯ ಹಾಕಿಯೂ 35 ನಿಮಿಷದ ಅರ್ಧಗಳನ್ನು ಬಿಟ್ಟು ಕ್ವಾರ್ಟರ್‌ಗೆ ಬಂದಿದೆ, ಹಾಗಾಗಿ ಸಂಪ್ರದಾಯ ಕೆಡುತ್ತದೆ ಅಂತ ಯಾರೂ ಕೂಗಲಿಲ್ಲ. ಹದಿನಾಲ್ಕಕ್ಕಿಂತ ಕಡಿಮೆ ಆಟಗಾರರಿದ್ದರೆ ಮಧ್ಯಾಹ್ನದ ಪಂದ್ಯ ಇಲ್ಲ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು, ಆದರೆ ಬೆಂಚಿನಲ್ಲಿ ಯಾರಾದರೂ ಇದ್ದರೆ ತಾನೇ? ಅಂಪೈರ್‌ಗಳಿಗೂ ಒಂದು ಅಧಿಕಾರ ಕೊಟ್ಟೆವು: ಅನುಮಾನ ಬಂದರೆ ಆಟ ನಿಲ್ಲಿಸಿ ಸ್ಕೋರ್ ಕೇಳಬಹುದು, ಸರಿಯಾಗಿ ಹೇಳದವನು ಹೊರಗೆ. ನಾಲ್ಕು ಪೆಟ್ಟಿಗೆ ಐಸ್, ತೂತಿಲ್ಲದ ಒಂದು ಟಾರ್ಪಲ್, ನೀರಿನ ಪೈಪ್ ಗೋಲ್‌ಪೋಸ್ಟ್ ಹಿಂದೆ ಸದಾ ಸಿದ್ಧ.

ಫೈನಲ್ ಮಾತ್ರ ಜಗ್ಗಾಟಕ್ಕೆ ಬಿತ್ತು. ಮುಖ್ಯ ಅತಿಥಿಗಳು ಹನ್ನೊಂದಕ್ಕೆ ಬರುತ್ತೇನೆ ಅಂದರೆ ಬರುವುದು ಒಂದು ಗಂಟೆಗೆ, ಅಲ್ಲಿ ತನಕ ಎರಡೂ ತಂಡ ಬಿಸಿಲಲ್ಲಿ ಸಾಲಾಗಿ ನಿಲ್ಲಬೇಕು. ಈಗ ಫೈನಲ್ ಒಂಬತ್ತಕ್ಕೆ, ಅತಿಥಿಗಳು ಬಹುಮಾನ ಕೊಡಲು ಬಂದರೆ ಸಾಕು ಅಂತಾಗಿದೆ. ಕೆಲವರಿಗೆ ಬೇಸರವಾಗಿದೆ.

ಇನ್ನೂ ತೀರ್ಮಾನ ಆಗದೇ ಉಳಿದದ್ದು ಆ ಥರ್ಮಾಮೀಟರ್. ಐನೂರು ಜನ ನೋಡುತ್ತಿರುವಾಗ ಮೈದಾನದಲ್ಲಿ ಅದನ್ನು ಹಾಕುವವರು ಯಾರು, ಹಾಕಿಸಿಕೊಳ್ಳುವವರು ಯಾರು ಅಂತ ಮೀಟಿಂಗಿನಲ್ಲಿ ಹತ್ತು ನಿಮಿಷ ಬರೀ ನಗು. ಪರದೆ ಕಟ್ಟಿದ ಸಣ್ಣ ಟೆಂಟ್ ಇಟ್ಟರೆ ತಾನು ಮಾಡುತ್ತೇನೆ ಅಂತ ಒಂದು ಒಕ್ಕದ ಡಾಕ್ಟರ್ ಹುಡುಗಿ ಒಪ್ಪಿದ್ದಾಳೆ. ಅವಳೂ ತನ್ನ ತಂಡದ ಫಾರ್ವರ್ಡ್. ಅವಳ ಪಂದ್ಯ ಇರುವಾಗ ಟೆಂಟಿನಲ್ಲಿ ಯಾರಿರಬೇಕು ಅಂತ ಇನ್ನೂ ಹುಡುಕುತ್ತಿದ್ದೇವೆ.